ಹತ್ತಲಿಕ್ಕಲ್ಲ, ಇಳಿಯಲಿಕ್ಕೆ

ಪ್ರಶ್ನೆ: ಈಗಿನ ಇರಾಕಿನ ಕಡೆ ಹಿಂದೆ ಇದ್ದ ಅಸ್ಸೀರಿಯಾ ರಾಜ್ಯದವರು ಮೆಟ್ಟಿಲು ಮೆಟ್ಟಿಲಾಗಿ ಕಟ್ಟುತ್ತಿದ್ದ ಗೋಪುರಗಳ ಒಳಗೆ ಏನಿರುತ್ತಿತ್ತು? ಪಿರಮಿಡ್ಡಿನ ಹಾಗೆ ರಾಜನ ಸಮಾಧಿಯೇ? ಜನ ಮೇಲೆ ಹತ್ತಿ ಪೂಜೆ ಮಾಡುತ್ತಿದ್ದರೇ?

ಉತ್ತರ: ಒಳಗೆ ಇರುತ್ತಿದ್ದದ್ದು ಇಟ್ಟಿಗೆ, ಹೆಚ್ಚುಕಡಿಮೆ ಬರೀ ಇಟ್ಟಿಗೆ! ಜೇಡಿಮಣ್ಣಿಗೆ ಹುಲ್ಲು ಕಲಸಿ, ಅಚ್ಚಿಗೆ ಒತ್ತಿ, ಬಿಸಿಲಿಗೆ ಒಣಗಿಸಿದ ಇಟ್ಟಿಗೆಗಳನ್ನು ಒತ್ತೊತ್ತಾಗಿ ಪೇರಿಸಿದ ಗುಡ್ಡ ಅದು. ಹೆಸರು ಜಿಗ್ಗುರಾಟ್. ಅವರಾಡುತ್ತಿದ್ದ ಅಕ್ಕಾಡಿಯನ್ ಭಾಷೆಯಲ್ಲಿ 'ಎತ್ತರಕ್ಕೆ ಕಟ್ಟು' ಎಂಬ ಮಾತಿನಿಂದ ಬಂದದ್ದು.

ಸಮಾಧಿಯ ಅನುಮಾನ ನಿಮಗೊಬ್ಬರಿಗೇ ಅಲ್ಲ. 19ನೇ ಶತಮಾನದ ನಡುವೆ ಲೇಯಾರ್ಡ್ ಎಂಬ ಇಂಗ್ಲಿಷಿನವರು ಈಗಿನ ಇರಾಕಿನ ನಿಮ್ರುದ್‌ನಲ್ಲಿ ಇಂಥದೇ ಗುಡ್ಡ ಕೊರೆದರು. ಸುಮಾರು 30 ಮೀಟರ್ ಉದ್ದದ ಕಮಾನಿನ ಓಣಿ ಸಿಕ್ಕಿತು. ಒಳಗೆ ಹೋಗಿ ನೋಡಿದರೆ ಖಾಲಿ! ಸಮಾಧಿಯೇ ಇರಬೇಕು, ಕಳ್ಳರು ದೋಚಿದ್ದಾರೆ ಅಂದುಕೊಂಡರು ಪಾಪ.

ಆದರೆ ಇದು ಸತ್ತವರಿಗಾಗಿ ಕಟ್ಟಿದ್ದಲ್ಲ, ದೇವರಿಗಾಗಿ ಕಟ್ಟಿದ್ದು. ನಿಮ್ರುದ್, ಅಂದರೆ ಆಗಿನ ಕಲ್ಹು, ಅಲ್ಲಿನ ಗೋಪುರ ಯುದ್ಧದ ದೇವರು ನಿನುರ್ತನದು. ಅವನ ಗುಡಿ ಪಕ್ಕದಲ್ಲೇ ಇತ್ತು. ಮೂರ್ತಿ, ನೈವೇದ್ಯ, ದಿನದ ಪೂಜೆ ಎಲ್ಲ ಆ ಗುಡಿಯೊಳಗೆ, ಪೂಜಾರಿಗಳ ಕೈಯಲ್ಲಿ. ಗೋಪುರ ಮಾತ್ರ ಆಕಾಶಕ್ಕೂ ಭೂಮಿಗೂ ನಡುವಿನ ಕೊಂಡಿ, ದೇವರು ಇಳಿದು ಬರುವ ದಾರಿ. ಜನ ಹತ್ತುವ ಜಾಗ ಅಲ್ಲವೇ ಅಲ್ಲ.

ಇದಕ್ಕೆ ಚೆಂದದ ಸಾಕ್ಷಿ ತುಕುಲ್ತಿ-ನಿನುರ್ತ ಎಂಬ ರಾಜ ಕ್ರಿ.ಪೂ. 13ನೇ ಶತಮಾನದಲ್ಲಿ ಟೈಗ್ರಿಸ್ ನದಿಯ ದಡದಲ್ಲಿ ಕಟ್ಟಿಸಿದ ಹೊಸ ಊರು. ಅಲ್ಲಿ ಅಶ್ಶುರ್ ದೇವರ ಗುಡಿ ಗೋಪುರಕ್ಕೇ ಅಂಟಿಕೊಂಡಿತ್ತು, ಅಗೆದವರಿಗೆ ಹೊರಗೆ ಮೆಟ್ಟಿಲೇ ಸಿಗಲಿಲ್ಲ. ಎಲ್ಲವೂ ಹೀಗೇ ಅಂತಲ್ಲ ಮತ್ತೆ. ಎರಡನೇ ಸಾರ್ಗೋನ್ ಎಂಬ ರಾಜ ಕ್ರಿ.ಪೂ. 8ನೇ ಶತಮಾನದ ಕೊನೆಯಲ್ಲಿ ಖೋರ್ಸಾಬಾದ್‌ನಲ್ಲಿ ಕಟ್ಟಿಸಿದ್ದರಲ್ಲಿ ಸುತ್ತಿ ಸುತ್ತಿ ಮೇಲೇರುವ ಇಳಿಜಾರು ದಾರಿಯಿತ್ತು. ಉಳಿದಿದ್ದ ಅಂತಸ್ತುಗಳಿಗೆ ಬಿಳಿ, ಕಪ್ಪು, ಕೆಂಪು, ನೀಲಿ ಬಣ್ಣ ಬಳಿದದ್ದೂ ಕಂಡಿತ್ತು. ನಾವು ಫೋಟೋದಲ್ಲಿ ನೋಡುವ ಮಣ್ಣಿನ ಬಣ್ಣ ಆಗಿನವರು ನೋಡಿದ್ದಲ್ಲ, ಅಲ್ವಾ?

ಇನ್ನು ರಾಜರಿಗೇನು ಲಾಭ ಅಂತೀರಾ? ಹೆಸರು! ಕಲ್ಹುವಿನ ಇಟ್ಟಿಗೆಗಳ ಮೇಲೆ ಮೊಳೆಯಾಕಾರದ ಲಿಪಿಯಲ್ಲಿ ಮೂರನೇ ಶಾಲ್ಮನೇಸರನ ಹೆಸರು, ಅಪ್ಪನ ಹೆಸರು, ಕೊನೆಗೆ 'ಕಲ್ಹುವಿನ ಜಿಗ್ಗುರಾಟ್‌ನ ಕಟ್ಟಡ' ಅಂತ ಬರೆದಿದೆ. ಗೋಡೆಯೊಳಗೆ ಹೂತುಹೋಗುವ ಇಟ್ಟಿಗೆಯನ್ನು ಓದುವವರು ಯಾರು? ದೇವರು ಓದುತ್ತಾನಲ್ಲ, ಅಷ್ಟು ಸಾಕಿತ್ತು.

ಕಲ್ಹುವಿನ ಆ ಗುಡ್ಡ ಈಗಿಲ್ಲ. 2016ರಲ್ಲಿ ಐಸಿಸ್ ಉಗ್ರರು ಅದನ್ನು ಯಂತ್ರ ತಂದು ನೆಲಸಮ ಮಾಡಿಬಿಟ್ಟರು.