ಅಜ್ಜಿ ನನ್ನನ್ನು ನಂಬುವುದೇ ಇಲ್ಲ!

ಪ್ರಶ್ನೆ: 80 ದಾಟಿದ ಅಜ್ಜಿಯೊಬ್ಬರನ್ನು ಅವರ ಮನೆಯಲ್ಲೇ ಉಳಿದುಕೊಂಡು ನೋಡಿಕೊಳ್ಳುತ್ತಿದ್ದೇನೆ. ಕೆಲಸಕ್ಕೆ ಇಟ್ಟವರು ಅವರ ಮಗಳು, ಇರುವುದು ಬೇರೆ ಊರಲ್ಲಿ. ನಾನು ಕೋಣೆಗೆ ಕಾಲಿಟ್ಟರೆ ಅಜ್ಜಿ ಕೈಯಲ್ಲಿದ್ದ ಕಾಗದವನ್ನು ತಟ್ಟನೆ ದಿಂಬಿನಡಿ ತಳ್ಳುತ್ತಾರೆ. ಬೀರುವಿಗೆ ಸದಾ ಬೀಗ. ಕಳೆದ ವಾರ ಕನ್ನಡಕ ಕಾಣಲಿಲ್ಲ, 'ನೀನೇ ಎತ್ತಿಟ್ಟಿದ್ದೀಯ' ಎಂದರು. ಸಿಕ್ಕಿದ್ದು ಅವರದೇ ಸ್ವೆಟರ್ ಜೇಬಿನಲ್ಲಿ. ಮೊನ್ನೆ ಹಾಸಿಗೆ ಕೊಡವಿದರೆ ಮಾತ್ರೆಗಳು ಉದುರಿದವು! ದಿನಾ ನುಂಗಿದೆ ಅನ್ನುತ್ತಿದ್ದರು. ಮಗಳಿಗೆ ಹೇಳಿದರೆ ಅಜ್ಜಿಗೆ ಸಿಟ್ಟು, ಹೇಳದಿದ್ದರೆ ತಪ್ಪು ನನ್ನ ತಲೆಗೆ. ಏನು ಮಾಡಲಿ?

ಉತ್ತರ: ಬೀರುವನ್ನೂ ಮಾತ್ರೆಯನ್ನೂ ಒಂದೇ ಗಂಟಿಗೆ ಕಟ್ಟಬೇಡಿ ತಾಯಿ. ಕಾಗದ, ಬೀರು ಅಜ್ಜಿಯ ಸ್ವಂತದ್ದು. ಅದರಲ್ಲೇನಿದೆ ಅನ್ನುವ ಉಸಾಬರಿ ನಮಗೆ ಬೇಡ. ಸ್ನಾನಕ್ಕೂ ಇನ್ನೊಬ್ಬರ ಕೈ ಬೇಕಾದ ಮೇಲೆ, ತನ್ನದು ಅಂತ ಉಳಿಯುವುದು ಅಷ್ಟೇ ಅಲ್ವಾ? ಕದ ತಟ್ಟಿ, ಸ್ವಲ್ಪ ನಿಂತು, ಎದುರಿನಿಂದ ಹೋಗಿ. ಕಿವಿ ಮಂದವಾದವರಿಗೆ ಹಿಂದಿನಿಂದ ಬಂದವರೆಲ್ಲ ಕದ್ದು ನೋಡಲು ಬಂದವರೇ.

ಮಾತ್ರೆ ವಿಷಯ ಮುಚ್ಚಿಡುವ ಹಾಗಿಲ್ಲ. ಅಜ್ಜಿ ನುಂಗುತ್ತಿದ್ದಾರೆ ಅಂದುಕೊಂಡೇ ಡಾಕ್ಟರು ಬಿಪಿ ನೋಡುತ್ತಾರೆ. ಇಳಿದಿಲ್ಲ ಅಂತ ಡೋಸ್ ಏರಿಸಿಬಿಟ್ಟರೆ? ಆದರೆ ಫೋನ್ ಎತ್ತುವ ಮೊದಲು, ಉದುರಿದ್ದು ಯಾವ ಮಾತ್ರೆ ನೋಡಿ. ಎಲ್ಲಾ ಬಗೆಯದಾ, ಒಂದೇ ಬಗೆಯದಾ? ನಾನು ನರ್ಸ್ ಆಗಿದ್ದಾಗ ವಾರ್ಡಿನಲ್ಲಿ ದಿಂಬಿನಡಿ ಸಿಗುತ್ತಿದ್ದದ್ದು ಹೆಚ್ಚಾಗಿ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ. ಬಿಪಿಗೂ ಕಾಲು ಊತಕ್ಕೂ ಕೊಡುವಂಥದ್ದು. ಬಚ್ಚಲು ತಲುಪುವಷ್ಟರಲ್ಲಿ ಬಟ್ಟೆ ಒದ್ದೆಯಾಗುತ್ತದೆ, ಹೇಳಿಕೊಳ್ಳಲು ನಾಚಿಕೆ. ಅದಕ್ಕೇ ಬಚ್ಚಿಡುವುದು. ಹಾಗಿದ್ದರೆ ಹೊತ್ತು ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಿ. ನುಂಗಲು ಕಷ್ಟ ಅಂದರೂ ಅವರನ್ನೇ ಕೇಳಿ. ನೀವಾಗಿ ಪುಡಿ ಮಾಡಬೇಡಿ, ಕೆಲವು ಮಾತ್ರೆ ಹೊಟ್ಟೆಯಲ್ಲಿ ನಿಧಾನವಾಗಿ ಕರಗಲೆಂದೇ ಮಾಡಿದ್ದು. ತಪ್ಪಿದ್ದನ್ನೆಲ್ಲ ಒಟ್ಟಿಗೆ ಕೊಡುವುದಂತೂ ಬೇಡವೇ ಬೇಡ.

ಇನ್ನು ಮಗಳು. ನೀವು ಮಗಳ ಪರ ಕಣ್ಣಿಟ್ಟಿರಲು ಬಂದವರು ಅಂತ ಅಜ್ಜಿಗೆ ಅನಿಸಿದೆ ಅಂತ ನನ್ನ ಲೆಕ್ಕ. ಫೋನ್ ಮಾಡುವ ಮುಂಚೆ ಅವರಿಗೇ ಹೇಳಿ: 'ಅಜ್ಜೀ, ಮಾತ್ರೆ ವಿಷಯ ಹೇಳದೆ ನನಗೆ ವಿಧಿಯಿಲ್ಲ. ನಿಮ್ಮ ಎದುರಿಗೇ ಹೇಳುತ್ತೇನೆ. ಬೇರೆ ಯಾವುದನ್ನೂ ಹೇಳಲ್ಲ.' ಸ್ಪೀಕರ್ ಹಾಕಿ ಮಾತಾಡಿ. ಆಮೇಲೆ ಆ ಮಾತು ಉಳಿಸಿಕೊಳ್ಳಿ.

ಕನ್ನಡಕದ ಆರೋಪಕ್ಕೆ ವಾದ ಬೇಡ. 'ಬನ್ನಿ, ಇಬ್ಬರೂ ಹುಡುಕೋಣ' ಅನ್ನಿ, ಅವರ ಕೈಗೇ ಸಿಗುವ ಹಾಗೆ ಮಾಡಿ. ಇಂಥದ್ದು ಹೆಚ್ಚುತ್ತಾ ಹೋದರೆ ಮರೆವಿನ ಕಾಯಿಲೆ ಇರಬಹುದು, ತೋರಿಸಬೇಕು. ಒಂದೆರಡು ದಿನದಲ್ಲೇ ದಿಢೀರನೆ ಗೊಂದಲ ಶುರುವಾದರೆ ಕಾಯಬೇಡಿ. ಸೋಂಕಿನಿಂದಲೋ ಹೊಸ ಔಷಧಿಯಿಂದಲೋ ಹಾಗಾಗುತ್ತದೆ. ಅವತ್ತೇ ಡಾಕ್ಟರ್ ನೋಡಬೇಕು.

ದುಡ್ಡು ನಿಮ್ಮ ಕೈಗೆ ಬರುವುದಿದ್ದರೆ ಪ್ರತಿ ಖರ್ಚನ್ನೂ ಪುಸ್ತಕದಲ್ಲಿ ಬರೆದು, ಆ ಪುಟದ ಫೋಟೋ ಮಗಳಿಗೆ ಕಳಿಸಿ. ರಾತ್ರಿ ಎಷ್ಟು ಸಲ ಏಳುತ್ತೀರಿ ಅಂತ ನೀವು ಬರೆದೇ ಇಲ್ಲ. ವಾರಕ್ಕೊಂದು ರಜೆ ಸಿಗುತ್ತಿಲ್ಲ ಅಂದರೆ, ಅದನ್ನೂ ಅದೇ ಫೋನಿನಲ್ಲಿ ಕೇಳಿಬಿಡಿ.