ಕಂಪ್ಯೂಟರ್ ಪ್ರಶ್ನೋತ್ತರ: ಅರ್ಧಕ್ಕೆ ನಿಂತ ಅಪ್‌ಗ್ರೇಡ್, ಬಿಡದ ಬೀಗ

(ಇಲ್ಲಿನ ಆದೇಶಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.)

ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಇದೆ. ಪ್ರೋಗ್ರಾಂಗಳ ಹೊಸ ಆವೃತ್ತಿ ಹಾಕುವ ‘ಸುಡೊ ಆಪ್ಟ್ ಅಪ್‌ಗ್ರೇಡ್’ ನಡೆಯುತ್ತಿದ್ದಾಗ ಕರೆಂಟ್ ಹೋಯಿತು. ಅಂದಿನಿಂದ ಯಾವ ಪ್ಯಾಕೇಜ್ (ಪ್ರೋಗ್ರಾಂನ ಫೈಲುಗಳ ಕಟ್ಟು) ಹಾಕಲು ಹೋದರೂ ಒಮ್ಮೆ ಲಾಕ್ ಸಿಗಲಿಲ್ಲವೆಂದೂ, ಇನ್ನೊಮ್ಮೆ ಪ್ಯಾಕೇಜುಗಳನ್ನು ಸ್ಥಾಪಿಸುವ ಡಿಪಿಕೆಜಿ ಅರ್ಧಕ್ಕೆ ನಿಂತಿದೆಯೆಂದೂ ಸಂದೇಶ ಬರುತ್ತಿದೆ. ಲಾಕ್ ಫೈಲ್ ಅಳಿಸಿಬಿಡಿ ಎಂದು ಸ್ನೇಹಿತರು ಹೇಳುತ್ತಾರೆ. ಅಳಿಸಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಅಳಿಸಬೇಡಿ. ಆ ಫೈಲೇ ಬೀಗವೆಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ‘ಲಾಕ್-ಫ್ರಂಟ್‌ಎಂಡ್’ ಎಂಬ ಆ ಫೈಲು ಡಿಸ್ಕಿನಲ್ಲಿ ಸದಾ ಇರುವಂಥದ್ದು. ಸದ್ಯ ಅದನ್ನು ಯಾವ ಪ್ರೋಗ್ರಾಂ ಹಿಡಿದುಕೊಂಡಿದೆ ಎಂಬ ಲೆಕ್ಕ ಇರುವುದು ವ್ಯವಸ್ಥೆಯ ತಿರುಳಾದ ಕರ್ನೆಲ್ ಬಳಿ. ಹಿಡಿದಿದ್ದ ಪ್ರೋಗ್ರಾಂ ಮುಗಿದರೂ, ನಡುವೆಯೇ ನಿಂತುಹೋದರೂ, ಕರೆಂಟ್ ಹೋದರೂ ಆ ಹಿಡಿತ ತಾನಾಗಿ ಬಿಟ್ಟುಹೋಗುತ್ತದೆ. ಆದ್ದರಿಂದ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದ ಮೇಲೂ ಲಾಕ್ ಸಿಗದಿದ್ದರೆ, ಬೇರೊಂದು ಪ್ರೋಗ್ರಾಂ ಆ ಹೊತ್ತಿನಲ್ಲಿ ಪ್ಯಾಕೇಜುಗಳ ಕೆಲಸದಲ್ಲಿ ತೊಡಗಿದೆ ಎಂದೇ ಅರ್ಥ. ಉಬುಂಟುವಿನಲ್ಲಿ ಬಹುಮಟ್ಟಿಗೆ ಅದು ಭದ್ರತಾ ಪರಿಷ್ಕರಣೆಗಳನ್ನು ಹಿನ್ನೆಲೆಯಲ್ಲಿ ಹಾಕುವ ‘ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್’ ಆಗಿರುತ್ತದೆ. ಈಚಿನ ಆವೃತ್ತಿಗಳಲ್ಲಿ ಅದರ ಹೆಸರೂ ಪ್ರೊಸೆಸ್ ಸಂಖ್ಯೆಯೂ ಸಂದೇಶದಲ್ಲೇ ಕಾಣುತ್ತವೆ. ಅದು ಮುಗಿಯುವವರೆಗೆ ಕಾಯುವುದೇ ಸರಿಯಾದ ದಾರಿ. ಲಾಕ್ ಫೈಲುಗಳನ್ನು ಅಳಿಸಿದರೆ ಎರಡು ಪ್ರೋಗ್ರಾಂಗಳು ಒಂದೇ ದಾಖಲೆಯನ್ನು ಏಕಕಾಲಕ್ಕೆ ತಿದ್ದತೊಡಗುವ ಅಪಾಯವಿದೆ, ಮತ್ತು ಆ ದಾಖಲೆ ಕೆಟ್ಟರೆ ಯಾವ ಪ್ಯಾಕೇಜ್ ಯಾವ ಸ್ಥಿತಿಯಲ್ಲಿದೆ ಎಂಬುದೇ ವ್ಯವಸ್ಥೆಗೆ ತಿಳಿಯದಂತಾಗುತ್ತದೆ.

ನಿಮ್ಮ ನಿಜವಾದ ತೊಂದರೆ ಎರಡನೆಯ ಸಂದೇಶದಲ್ಲಿದೆ. ಡಿಪಿಕೆಜಿ ಪ್ರತಿಯೊಂದು ಪ್ಯಾಕೇಜನ್ನೂ ಎರಡು ಹಂತದಲ್ಲಿ ಸ್ಥಾಪಿಸುತ್ತದೆ: ಮೊದಲು ಫೈಲುಗಳನ್ನು ಬಿಚ್ಚಿ ಆಯಾ ಜಾಗದಲ್ಲಿ ಇಡುತ್ತದೆ, ಆಮೇಲೆ ಅವನ್ನು ಬಳಕೆಗೆ ಸಜ್ಜುಗೊಳಿಸುತ್ತದೆ. ಅಪ್‌ಗ್ರೇಡಿನಲ್ಲಿ ಹತ್ತಾರು ಪ್ಯಾಕೇಜುಗಳು ಒಟ್ಟಿಗೆ ಬಿಚ್ಚಿಕೊಂಡು, ಸಜ್ಜುಗೊಳ್ಳುವ ಸರದಿಗಾಗಿ ಕಾಯುತ್ತಿರುತ್ತವೆ. ನಿಮ್ಮಲ್ಲಿ ಕರೆಂಟ್ ಹೋದದ್ದು ಇಂಥ ಹೊತ್ತಿನಲ್ಲೇ. ಪರಿಹಾರವನ್ನು ಆ ಸಂದೇಶವೇ ಹೇಳುತ್ತಿದೆ: ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’. ಇದು ಬಾಕಿ ಉಳಿದ ಪ್ಯಾಕೇಜುಗಳನ್ನೆಲ್ಲ ಸಜ್ಜುಗೊಳಿಸುತ್ತದೆ. ಆಮೇಲೂ ಅವಲಂಬನೆಯ ದೂರು (ಒಂದು ಪ್ಯಾಕೇಜಿಗೆ ಬೇಕಾದ ಇನ್ನೊಂದು ಇಲ್ಲವೆಂಬುದು) ಬಂದರೆ ‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಕೊಡಿ. ಅಲ್ಲಿ ‘ವೈ’ ಒತ್ತುವ ಮುನ್ನ, ತೆಗೆದುಹಾಕಲಾಗುವ ಪ್ಯಾಕೇಜುಗಳ ಪಟ್ಟಿಯನ್ನು ಒಂದೊಂದೇ ಹೆಸರಾಗಿ ಓದಿ. ಡೆಸ್ಕ್‌ಟಾಪಿಗೆ ಸೇರಿದ ಹೆಸರುಗಳು ಕಂಡರೆ ‘ಎನ್’ ಒತ್ತಿ ನಿಲ್ಲಿಸಿ. ಒಂದೇ ಆದೇಶದಿಂದ ಸರಿಹೋಗುತ್ತಿದ್ದ ಕಂಪ್ಯೂಟರಿಗೆ ಎಲ್ಲವನ್ನೂ ಅಳಿಸಿ ಹೊಸದಾಗಿ ಉಬುಂಟು ಹಾಕಿಕೊಂಡವರನ್ನು ನಾನು ಕಂಡಿದ್ದೇನೆ. ನೀವು ಆ ಶ್ರಮ ಪಡಬೇಕಾಗಿಲ್ಲ.

ಅಂದು ಏನೇನು ನಡೆಯಿತೆಂದು ತಿಳಿಯಬೇಕಿದ್ದರೆ ‘ಲೆಸ್ /ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್’ ಎಂದು ಕೊಡಿ. ಪ್ರತಿ ಕೆಲಸಕ್ಕೂ ಆರಂಭದ ದಿನಾಂಕ, ಕೊಟ್ಟ ಆದೇಶ, ಪ್ಯಾಕೇಜುಗಳ ಹೆಸರು ಅಲ್ಲಿರುತ್ತವೆ. ಪೂರ್ಣಗೊಂಡ ಕೆಲಸಕ್ಕೆ ಕೊನೆಯ ದಿನಾಂಕವೂ ಇರುತ್ತದೆ. ಅರ್ಧಕ್ಕೆ ನಿಂತದ್ದಕ್ಕೆ ಸಾಮಾನ್ಯವಾಗಿ ಆ ಸಾಲು ಇರುವುದಿಲ್ಲ.

ಪ್ರಶ್ನೆ: ದಿನವೂ ‘ಆಪ್ಟ್ ಅಪ್‌ಡೇಟ್’ ಕೊಡುತ್ತೇನೆ. ಆದರೂ ಪ್ರೋಗ್ರಾಂಗಳು ಹಳೆಯವೇ ಆಗಿವೆ, ಏಕೆ?
– ವಿದ್ಯಾರ್ಥಿನಿ, ಹಾವೇರಿ

ಉತ್ತರ: ‘ಅಪ್‌ಡೇಟ್’ ತರುವುದು ಪಟ್ಟಿಯನ್ನು ಮಾತ್ರ: ಪ್ಯಾಕೇಜುಗಳನ್ನು ಇಟ್ಟಿರುವ ಅಂತರ್ಜಾಲದ ಭಂಡಾರದಲ್ಲಿ ಯಾವ ಪ್ಯಾಕೇಜಿನ ಯಾವ ಆವೃತ್ತಿ ಇದೆ ಎಂಬ ವಿವರ. ಆ ಪಟ್ಟಿಯಂತೆ ಪ್ಯಾಕೇಜುಗಳನ್ನು ಇಳಿಸಿಕೊಂಡು ಹಾಕುವುದು ‘ಅಪ್‌ಗ್ರೇಡ್’. ಮೊದಲನೆಯದರ ಬಳಿಕ ಎರಡನೆಯದನ್ನೂ ಕೊಡಿ.

ಪ್ರಶ್ನೆ: ‘ಫಾಂಟ್ಸ್-ಕೆಎನ್‌ಡಿಎ’ ತೆಗೆದುಹಾಕಿದೆ. ಈಗ ‘ಆಟೊರಿಮೂವ್’ ಕೊಟ್ಟರೆ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳೂ ಹೋಗುತ್ತವೆ ಎನ್ನುತ್ತಿದೆ.
– ಓದುಗರೊಬ್ಬರು, ಮೈಸೂರು

ಉತ್ತರ: ಹೌದು, ಹೋಗುತ್ತವೆ. ‘ಫಾಂಟ್ಸ್-ಕೆಎನ್‌ಡಿಎ’ ತನ್ನೊಳಗೆ ಯಾವ ಅಕ್ಷರವನ್ನೂ ಇಟ್ಟುಕೊಂಡಿಲ್ಲ. ಕನ್ನಡದ ಫಾಂಟ್ ಪ್ಯಾಕೇಜುಗಳನ್ನು ಕರೆತರುವುದಷ್ಟೇ ಅದರ ಕೆಲಸ. ಹೀಗೆ ಇನ್ನೊಂದರ ಜೊತೆಯಲ್ಲಿ ಬಂದವನ್ನು ಆಪ್ಟ್ ತಾನಾಗಿ ಬಂದವೆಂದು ಗುರುತಿಟ್ಟುಕೊಳ್ಳುತ್ತದೆ, ಕರೆತಂದದ್ದು ಹೋದ ಮೇಲೆ ಅವು ಬೇಡವೆಂದು ಎಣಿಸುತ್ತದೆ. ಅವನ್ನು ಉಳಿಸಿಕೊಳ್ಳಲು ‘ಸುಡೊ ಆಪ್ಟ್-ಮಾರ್ಕ್ ಮ್ಯಾನ್ಯುಯಲ್ ಫಾಂಟ್ಸ್-ಗುಬ್ಬಿ ಫಾಂಟ್ಸ್-ನವಿಲು’ ಎಂದು ಕೊಡಿ. ಆಮೇಲೆ ‘ಆಟೊರಿಮೂವ್’ ಅವನ್ನು ಮುಟ್ಟುವುದಿಲ್ಲ.