ಕಲಬುರಗಿಯಿಂದ ದುಬೈಗೆ ಹೂರಣದ ಹೋಳಿಗೆ ಫ್ರೋಜನ್ ಮಾಡಿ ಹಡಗಿನಲ್ಲಿ ಕಳಿಸಬಹುದಾ?

ಕಳಿಸಬಹುದು. ಆದರೆ ರೀಫರ್ ಕಂಟೇನರ್ (ಸರಕನ್ನು ತಂಪಾಗಿಟ್ಟು ಸಾಗಿಸುವ ಕಂಟೇನರ್) ಹೋಳಿಗೆಯನ್ನು ಫ್ರೀಜ್ ಮಾಡುವುದಿಲ್ಲ, ಇರುವ ತಂಪನ್ನು ಕಾಪಾಡುತ್ತದೆ ಅಷ್ಟೇ. ಹಾಗಾಗಿ ಬ್ಲಾಸ್ಟ್ ಫ್ರೀಜರ್‌ನಲ್ಲಿ (ಅತಿ ತಣ್ಣನೆ ಗಾಳಿಯಿಂದ ಬೇಗ ಫ್ರೀಜ್ ಮಾಡುವ ಯಂತ್ರ) ಒಳಗಿನ ಹೂರಣವೂ ಮೈನಸ್ 18 ಡಿಗ್ರಿಗೆ ಇಳಿದ ಮೇಲೆಯೇ ಲೋಡ್ ಮಾಡಿ. ತಣ್ಣನೆ ಗಾಳಿ ಕಂಟೇನರ್ ನೆಲದ ಪಟ್ಟಿಗಳ ಸಂದಿಯಿಂದ ಬಂದು ಬಾಕ್ಸ್‌ಗಳನ್ನು ದಾಟಿ ಮೇಲಿನಿಂದ ವಾಪಸ್ ಹೋಗುತ್ತದೆ, ಜಾಗ ಉಳಿದಿದೆ ಅಂತ ಗೋಡೆಯ ಕೆಂಪು ಗೆರೆ ಮೀರಿ ಪೇರಿಸಿದರೆ ಆ ದಾರಿಯೇ ಮುಚ್ಚಿಹೋಗುತ್ತದೆ. ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನವರೆಗೆ ರಸ್ತೆ ಪ್ರಯಾಣ, ನಮ್ಮ ಬಿಸಿಲಂತೂ ಗೊತ್ತೇ ಇದೆ. ಲಾರಿಗೆ ಜೆನ್‌ಸೆಟ್ (ಕಂಟೇನರ್‌ಗೆ ಕರೆಂಟ್ ಕೊಡುವ ಜನರೇಟರ್) ಇದೆಯಾ, ಅದರಲ್ಲಿ ಡೀಸೆಲ್ ಇದೆಯಾ ನೋಡಿ. ಐಇಸಿ (ಆಮದು-ರಫ್ತು ಕೋಡ್), ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ಬೇಕೇ ಬೇಕು. ಶೇಂಗಾ ಹೋಳಿಗೆಯಾದರೆ ಸುಮ್ನೆ ಇಷ್ಟೆಲ್ಲ ಖರ್ಚು ಯಾಕೆ, ಅದು ಹೊರಗಿಟ್ಟರೂ ಜಾಸ್ತಿ ದಿನ ಕೆಡುವುದಿಲ್ಲ ಅಲ್ವಾ?